ಅಪ್ಪ ಬಂದ್ ಮಾಡಿದ ನಳ

ಆ ಫೆಬ್ರವರಿಯಲ್ಲಿ ಸಿಯಾಟಲ್ ಕಡೆ ಹಿಮ ಬಿದ್ದಾಗ ಬಾತೆಲ್ ಊರಿನ ನಮ್ಮ ಮನೆಯಲ್ಲಿ ಇದ್ದವರು ಮೂರೇ ಜನ. ನಾನು, ಎಂಟು ವರ್ಷದ ಮಗಳು, ಗದಗಿನಿಂದ ಬಂದು ಮೂರು ತಿಂಗಳಾಗಿದ್ದ ನಮ್ಮಪ್ಪ. ಗಂಡ ಆಫೀಸಿನ ಕೆಲಸದ ಮೇಲೆ ಟೆಕ್ಸಾಸ್‌ಗೆ ಹೋದವರು ವಿಮಾನ ರದ್ದಾಗಿ ಅಲ್ಲೇ ಸಿಕ್ಕಿಬಿದ್ದಿದ್ದರು. ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ, ನನಗೆ ಗೊತ್ತಿರುವುದನ್ನೇ ನನಗೆ ಹೇಳುತ್ತಿದ್ದರು. ಈ ಊರಿನವರಿಗೆ ಮಳೆ ಗೊತ್ತೇ ಹೊರತು ಹಿಮ ಗೊತ್ತಿಲ್ಲ. ಒಂದು ಗೇಣು ಬಿದ್ದರೆ ಸಾಕು, ಶಾಲೆ ಬಂದ್, ಬಸ್ ಬಂದ್, ಅಂಗಡಿಯಲ್ಲಿ ಬ್ರೆಡ್ಡೂ ಇಲ್ಲ, ಸಲಿಕೆಯೂ ಇಲ್ಲ. ನಮ್ಮದು ದಿಬ್ಬದ ಮೇಲಿನ ಮನೆ. ಕಾರನ್ನು ಗ್ಯಾರೇಜಿನಿಂದ ಹೊರಗೆ ತೆಗೆಯುವ ಧೈರ್ಯವೂ ನನಗಿರಲಿಲ್ಲ.

ಅಪ್ಪ ಗದಗಿನಲ್ಲಿ ಮೂವತ್ತೆರಡು ವರ್ಷ ನೀರು ಬಿಟ್ಟವನು. ವಾಲ್ವ್‌ಮನ್. ಎಂಟು ಹತ್ತು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಆ ಕೆಲಸದವನ ಬೆಲೆ ಏನೆಂದು ಆ ಕಡೆಯವರಿಗೇ ಗೊತ್ತು. ಅಪ್ಪನ ಸೈಕಲ್ಲು ಓಣಿಗೆ ತಿರುಗಿದರೆ ಹೆಂಗಸರು ಮಾತು ನಿಲ್ಲಿಸಿ ಎದ್ದು ನಿಲ್ಲುತ್ತಿದ್ದರು. "ಇನ್ನರ್ಧಾ ತಾಸು ಬಿಡ್ರೀ ಅಣ್ಣಾರ" ಎಂದು ಚಹಾ ತಂದು ಕೊಡುತ್ತಿದ್ದರು. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂಬುದೆಲ್ಲ ಅಪ್ಪನಿಗೆ ಗೊತ್ತಿರುತ್ತಿತ್ತು, ನೀರೂ ಅದಕ್ಕೆ ತಕ್ಕಂತೆ ಬರುತ್ತಿತ್ತು. ಅಂಥ ಮನುಷ್ಯ ನಮ್ಮ ಮನೆಯ ಕಿಟಕಿ ಪಕ್ಕ ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದ. ಟಿವಿಗೆ ಮೂರು ರಿಮೋಟು, ಒಲೆ ಮುಟ್ಟಿದರೆ ಕುಂಯ್ ಅನ್ನುತ್ತದೆ, ಮೊಮ್ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. "ನನಗ ಏನರ ಒಂದ ಕೆಲಸ ಹಚ್ಚವಾ, ಕುಂತ ಕುಂತ ಬ್ಯಾಸರಾಗೈತಿ" ಎಂದು ದಿನಾ ಕೇಳುತ್ತಿದ್ದ. ನಾನು ಲ್ಯಾಪ್‌ಟಾಪಿನಿಂದ ತಲೆಯನ್ನೂ ಎತ್ತದೆ "ಆರಾಮ ಇರಪ್ಪಾ" ಅನ್ನುತ್ತಿದ್ದೆ. ಬೇರೆ ಏನು ಹೇಳಬೇಕೆಂದು ನನಗೂ ಗೊತ್ತಿರಲಿಲ್ಲ.

ಹಿಮ ಬಿದ್ದ ಎರಡನೆಯ ದಿನ ಎದುರು ಮನೆಯಾಕೆ ಫೋನ್ ಮಾಡಿದಳು. ಬೆಂಗಳೂರಿನವಳು, ಪಕ್ಕದೂರು ಕರ್ಕ್‌ಲ್ಯಾಂಡಿನಲ್ಲಿ ಕೆಲಸ, ನನಗಿಂತ ಹತ್ತು ವರ್ಷ ಮೊದಲು ಇಲ್ಲಿಗೆ ಬಂದವಳು. "ಇವತ್ತು ರಾತ್ರಿ ಟೆಂಪರೇಚರ್ ತುಂಬಾ ಡ್ರಾಪ್ ಆಗತ್ತಂತೆ ಕಣ್ರೀ. ಮಲಗೋಕೆ ಮುಂಚೆ ಎಲ್ಲಾ ನಲ್ಲೀನೂ ಸಣ್ಣಗೆ ಬಿಟ್ಟಿರಿ, ತೊಟ್ಟಿಕ್ತಾ ಇರ್ಲಿ. ಹರೀತಾ ಇದ್ರೆ ಪೈಪ್ ಫ್ರೀಜ್ ಆಗಲ್ಲ. ಫ್ರೀಜ್ ಆಯ್ತು ಅಂದ್ರೆ ಒಡ್ದೋಗತ್ತೆ, ಆಮೇಲೆ ದೇವರೇ ಗತಿ" ಅಂದಳು. ನಾನು ಹಾಗೆಯೇ ಮಾಡಿದೆ. ಅಡುಗೆಮನೆಯದು, ಕೆಳಗಿನ ಬಚ್ಚಲಿನದು, ಮೇಲಿನ ಎರಡು. ಎಲ್ಲವನ್ನೂ ನೂಲಿನಷ್ಟು ಬಿಟ್ಟು ಮಲಗಿದೆ. ಅಪ್ಪನಿಗೆ ಇದನ್ನು ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಮನೆಯಲ್ಲಿ ನೀರಿನ ವಿಷಯ ತಿಳಿದವನು ಅವನೊಬ್ಬನೇ, ಅವನೊಬ್ಬನನ್ನು ಬಿಟ್ಟು ಗಂಡನಿಗೂ ಹೇಳಿದೆ, ಮಗಳಿಗೂ ಹೇಳಿದೆ.

ಬೆಳಿಗ್ಗೆ ಎದ್ದು ಬಂದರೆ ಅಡುಗೆಮನೆಯ ನಲ್ಲಿ ಬಿಗಿಯಾಗಿ ಮುಚ್ಚಿತ್ತು. ಹಿಡಿ ಎತ್ತಿದರೆ ಗಾಳಿಯ ಒಂದು ಉಸಿರು ಬಂತು, ನೀರು ಬರಲಿಲ್ಲ. ಮೇಲೆ ಓಡಿದೆ. ಅಲ್ಲಿಯೂ ಅಷ್ಟೇ. ಕೆಳಗೆ ಅಪ್ಪ ಕಿಟಕಿ ಪಕ್ಕ ಕೂತು ನನ್ನನ್ನೇ ನೋಡುತ್ತಿದ್ದ.

"ಎಲ್ಲಾ ನಳ ಬಿಟ್ಟ ಮಲ್ಕೊಂಡಿದ್ಯಲ್ಲವಾ" ಅಂದ. "ನಸುಕಿನ್ಯಾಗ ಎದ್ದಾಗ ಸಪ್ಪಳಾ ಕೇಳ್ತು. ಒಂದೊಂದಽ ಹುಡುಕಿ ಎಲ್ಲಾ ಬಂದ್ ಮಾಡೀನಿ. ಎಷ್ಟ ನೀರ ಹೋಗ್ತಿತ್ತು ಗೊತ್ತೇನ?"

ಎಷ್ಟು ಸಂತೋಷದಿಂದ ಹೇಳಿದನೆಂದರೆ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮೂರು ತಿಂಗಳಲ್ಲಿ ಮೊದಲ ಸಲ ಈ ಮನೆಗೆ ಅವನಿಂದ ಒಂದು ಉಪಕಾರವಾಗಿತ್ತು, ಅವನ ಲೆಕ್ಕದಲ್ಲಿ. "ಛಲೋ ಆತು ಬಿಡಪ್ಪಾ" ಅಂದು ಗ್ಯಾರೇಜಿಗೆ ಹೋದೆ. ಒಳಗೊಳಗೇ ಕುದಿಯುತ್ತಿದ್ದೆ, ಅದು ನಿಜ.

ಗ್ಯಾರೇಜಿನ ಛಾವಣಿಯೊಳಗೆ ಪೈಪು ಹೋಗಿದೆ ಎಂದು ಗಂಡ ಫೋನಿನಲ್ಲಿ ಹೇಳಿದರು. ಎಲ್ಲಿ ಅಂದರೆ ಗೊತ್ತಿಲ್ಲ. ಪ್ಲಂಬರ್‌ಗೆ ಫೋನ್ ಮಾಡಿದರೆ ಅರ್ಧ ಗಂಟೆ ಸಂಗೀತ ಕೇಳಿಸಿ, ನಾಡಿದ್ದು ಬರುತ್ತೇನೆ ಅಂದ. ಸ್ಟೂಲಿನ ಮೇಲೆ ನಿಂತು, ತಲೆಗೂದಲು ಒಣಗಿಸುವ ಡ್ರೈಯರನ್ನು ಕಣ್ಣಿಗೆ ಕಾಣದ ಪೈಪಿನ ಕಡೆ ಹಿಡಿದು, ಒಂದೂವರೆ ಗಂಟೆ ಬರೀ ಛಾವಣಿಗೆ ಬಿಸಿಗಾಳಿ ಬಿಟ್ಟೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿದ. ಏನಾಗಿದೆ ಎಂದು ಕೇಳಿದ. ಥಂಡಿಗೆ ನೀರು ಗಡ್ಡೆ ಕಟ್ಟಿದೆ ಅಂದೆ. ಯಾಕೆ ಕಟ್ಟಿತು ಎಂದು ಹೇಳಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಬಿಸಿಲು ಬಂತು. ಗೆದ್ದೆ ಅಂದುಕೊಂಡೆ. ಮೂರು ಗಂಟೆಗೆ ಗ್ಯಾರೇಜಿನಲ್ಲಿ ದಡ್ ಎಂದು ಸದ್ದಾಯಿತು. ಹೋಗಿ ನೋಡಿದರೆ ಛಾವಣಿಯ ಒಂದು ಹಲಗೆ ಕಾರಿನ ಮೇಲೆ ಬಿದ್ದಿದೆ, ಒಳಗೆ ಗಡ್ಡೆ ಕರಗಿ, ಒಡೆದ ಪೈಪಿನಿಂದ ನೀರು ಧೋ ಎಂದು ಸುರಿಯುತ್ತಿದೆ. ಗೋಡೆಯೊಳಗಿಂದ ಇಳಿದು ಪಕ್ಕದ ಕೋಣೆಯ ಕಾರ್ಪೆಟ್ಟಿಗೂ ಬರುತ್ತಿತ್ತು. ಅದು ಅಪ್ಪನ ಕೋಣೆ. ಮನೆಯ ನೀರು ನಿಲ್ಲಿಸಲೆಂದು ಗೋಡೆಯಲ್ಲಿದ್ದ ವಾಲ್ವಿನ ಹಿಡಿ ತಿರುಗಿಸಿದೆ. ಅದು ತಿರುಗುತ್ತಲೇ ಇತ್ತು, ನೀರು ನಿಲ್ಲಲಿಲ್ಲ. ಬಕೆಟ್ ಇಟ್ಟೆ. ಬಕೆಟ್ ತುಂಬುವುದನ್ನು ನೋಡುತ್ತ ನಿಂತೆ. ಇಷ್ಟು ಓದಿ, ಇಷ್ಟು ದುಡಿದು, ನೀರು ನಿಲ್ಲಿಸಲು ಬಾರದ ಹೆಂಗಸು ನಾನು. ಮಗಳು ಅಳುತ್ತಿದ್ದಳು, ನಾನೂ ಅಳುತ್ತಿದ್ದೆ ಅನಿಸುತ್ತದೆ.

"ಮೀಟರ ಎಲ್ಲೈತಿ?" ಅಂದ ಅಪ್ಪ.

"ಗೊತ್ತಿಲ್ಲಪ್ಪಾ."

"ಐದ ವರ್ಷ ಆತು ಈ ಮನ್ಯಾಗ. ಮೀಟರ ಗೊತ್ತಿಲ್ಲ?"

ಅಷ್ಟೇ ಕೇಳಿ, ಸಾಕ್ಸಿನ ಮೇಲೆ ಚಪ್ಪಲಿ ಮೆಟ್ಟಿಕೊಂಡು, ಅಡುಗೆಮನೆಯಿಂದ ಕೇಕ್ ಬೇಯಿಸುವ ತಟ್ಟೆಯನ್ನು ಎತ್ತಿಕೊಂಡು ಹಿಮದೊಳಗೆ ಇಳಿದ. ಪಕ್ಕದ ಮನೆಯವರು ಹಿಮ ಬಳಿದ ಕಡೆ ರಸ್ತೆಯಂಚಿನಲ್ಲಿ ಅವರ ನೀರಿನ ಮೀಟರಿನ ಮುಚ್ಚಳ ಕಾಣುತ್ತಿತ್ತು. ಅದನ್ನು ನೋಡಿದ, ಅವರ ಬಾಗಿಲು ನೋಡಿದ, ನಮ್ಮ ಬಾಗಿಲು ನೋಡಿದ, ಹೆಜ್ಜೆ ಹಾಕಿ ಅಳೆದ. "ಇಲ್ಲೇ ಇರಬೇಕು. ನೀರ ಬರೋ ದಾರಿ ಎಲ್ಲಾ ಊರಾಗೂ ಒಂದಽ" ಅಂದು ಮಂಡಿಯೂರಿ ತೋಡತೊಡಗಿದ. ತಟ್ಟೆ ಬಾಗಿತು. ಕೈಯಿಂದಲೇ ತೋಡಿದ. ನಮ್ಮ ಮುಚ್ಚಳ ಸಿಕ್ಕಿತು. ಎದುರು ಮನೆಯಾಕೆ ಓಡಿಬಂದು ನಟ್ಟು ತಿರುಗಿಸುವ ತನ್ನ ಗಂಡನ ದೊಡ್ಡ ಪಾನಾ ಕೊಟ್ಟಳು. ಅಪ್ಪ ಮೊಣಕೈವರೆಗೆ ಗುಂಡಿಗೆ ಕೈ ಹಾಕಿ, ಕಣ್ಣು ಮುಚ್ಚಿಕೊಂಡು, ಅಲ್ಲಿದ್ದ ವಾಲ್ವನ್ನು ಒಂದು ಸುತ್ತು ತಿರುಗಿಸಿದ. ಗ್ಯಾರೇಜಿನ ಸದ್ದು ನಿಂತಿತು.

ಆ ಸಂಜೆ ಅಪ್ಪನನ್ನು ನೋಡಬೇಕಿತ್ತು. ಕೈ ಕೆಂಪಗೆ ಊದಿಕೊಂಡಿತ್ತು, ಲೋಟ ಹಿಡಿಯಲು ಆಗುತ್ತಿರಲಿಲ್ಲ, ಆದರೂ ಬಾಯಿ ನಿಲ್ಲಲಿಲ್ಲ. ಮೊಮ್ಮಗಳನ್ನು ಎದುರು ಕೂರಿಸಿಕೊಂಡು ಗದಗಿನ ಯಾವ ಓಣಿಯ ವಾಲ್ವು ಎಷ್ಟು ಸುತ್ತು ಎಂದು ಹೇಳಿದ್ದೇ ಹೇಳಿದ್ದು. ಅವಳು "ರಿಯಲೀ?" ಅಂದಾಗಲೆಲ್ಲ "ಹೂಂ ಮತ್ತ" ಅನ್ನುತ್ತಿದ್ದ. ನೀರಿಲ್ಲದ ಮನೆಯಲ್ಲಿ ಅವನೊಬ್ಬನೇ ಗೆಲುವಾಗಿದ್ದ. ನಾನು ಎದುರು ಮನೆಯಿಂದ ಕೊಡದಲ್ಲಿ ನೀರು ಹೊರುತ್ತಿದ್ದೆ, ಹೊರುತ್ತ ಹೊರುತ್ತ ಯಾರನ್ನಾದರೂ ಬೈಯಬೇಕು ಅನಿಸುತ್ತಿತ್ತು.

ಪೈಪು ಒಡೆದ ಮೂರನೆಯ ದಿನ ಪ್ಲಂಬರ್ ಬಂದ. ಅಪ್ಪ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಿದ್ಧವಾಗಿದ್ದ. ಪ್ಲಂಬರ್ ಏಣಿ ಹತ್ತಿದರೆ ಇವನು ಕೆಳಗೆ ನಿಂತು ಟಾರ್ಚ್ ಹಿಡಿದ, ಯಾರೂ ಹೇಳಿರಲಿಲ್ಲ. ರಸ್ತೆಯ ವಾಲ್ವನ್ನು ಯಾರು ಮುಚ್ಚಿದ್ದು ಎಂದು ಆತ ಕೇಳಿದ. ನಮ್ಮಪ್ಪ ಅಂದೆ. ಆತ ಅಪ್ಪನ ಕಡೆ ಹೆಬ್ಬೆರಳು ಎತ್ತಿ ತೋರಿಸಿ, ಈ ಮುದುಕ ನಿಮ್ಮ ಮನೆ ಉಳಿಸಿದ ಅಂದ. ಅದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಟಾರ್ಚನ್ನು ಇನ್ನೂ ಸ್ವಲ್ಪ ಮೇಲೆ ಹಿಡಿದ.

ಆಮೇಲೆ ಪ್ಲಂಬರ್, ಸೀಳಿದ ಪೈಪನ್ನು ಕೈಯಲ್ಲಿ ತಿರುಗಿಸುತ್ತ, ಆ ರಾತ್ರಿ ನಲ್ಲಿಗಳನ್ನು ತೊಟ್ಟಿಕ್ಕಲು ಬಿಟ್ಟಿದ್ದಿರಾ ಎಂದು ಕೇಳಿದ. ಬಿಟ್ಟಿದ್ದೆ ಅಂದೆ.

"ಬಟ್ ಅಜ್ಜ ಕ್ಲೋಸ್ಡ್ ದೆಮ್" ಅಂದಳು ಮಗಳು, ಮೆಟ್ಟಿಲ ಮೇಲೆ ಕೂತು.

ಪ್ಲಂಬರ್ ಭುಜ ಕುಣಿಸಿದ. ಹಾಗಾದರೆ ಅದೇ ಕಾರಣ ಇರಬೇಕು, ಪಾಪ, ಎಲ್ಲರೂ ಮಾಡುತ್ತಾರೆ ಅಂದ.

"ಏನಂತಾನವಾ?" ಅಂದ ಅಪ್ಪ, ನಗುತ್ತ. ಇನ್ನೊಂದು ಹೊಗಳಿಕೆ ಅಂದುಕೊಂಡಿದ್ದ.

ಏನು ಬೇಕಾದರೂ ಹೇಳಬಹುದಿತ್ತು. ಪೈಪು ಹಳೆಯದಂತೆ ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಮೂರು ದಿನದಿಂದ ಸ್ನಾನವಿಲ್ಲ, ಛಾವಣಿಗೆ ತೂತು, ಮನೆ ತುಂಬ ಒದ್ದೆ ಕಾರ್ಪೆಟ್ಟಿನ ವಾಸನೆ. ನನ್ನ ಪಿತ್ತ ನೆತ್ತಿಗೇರಿತ್ತು.

"ನೀ ನಳ ಬಂದ್ ಮಾಡಿದ್ದಕ್ಕ ಪೈಪ್ ಒಡದೈತಿ ಅಂತಾನ" ಅಂದೆ. "ಇಷ್ಟೆಲ್ಲಾ ಆಗಿದ್ದು ನಿನ್ನಿಂದ."

ಎರಡನೆಯ ಮಾತನ್ನು ಪ್ಲಂಬರ್ ಹೇಳಿರಲಿಲ್ಲ. ಅದು ನನ್ನದು.

ಅಪ್ಪ "ಹೌದೇನು?" ಅಂದ. ಸೀಳಿದ ಪೈಪನ್ನು ಇಸಿದುಕೊಂಡು ಸೀಳಿನ ಮೇಲೆ ಬೆರಳಾಡಿಸಿ ನೋಡಿದ. ಆಮೇಲೆ ಟಾರ್ಚನ್ನು ಆರಿಸಿ ಏಣಿಯ ಪಕ್ಕ ಇಟ್ಟು ಒಳಗೆ ಹೋದ.

ಅವತ್ತೇ ಸಂಜೆ ತಪ್ಪಾಯಿತು ಅಂದೆ. ನಾನು ಹೇಳದೆ ಇದ್ದದ್ದೇ ತಪ್ಪು, ನೀನು ಮಾಡಿದ್ದು ಸರಿಯೇ ಇತ್ತು ಅಂದೆ. "ಇರಲಿ ಬಿಡವಾ, ಏನಾತೀಗ" ಅಂದ. ಸಿಟ್ಟೇನೂ ಇರಲಿಲ್ಲ. ಆಮೇಲೆ ಕೆಲಸ ಕೊಡು ಎಂದು ಕೇಳುವುದನ್ನು ಬಿಟ್ಟ, ಅಷ್ಟೇ. ಅದು ಒಂದು ವಾರ ನನ್ನ ಗಮನಕ್ಕೂ ಬರಲಿಲ್ಲ.

ಹಿಮ ಕರಗಿ, ಶಾಲೆ ಶುರುವಾಗಿ, ಗಂಡ ವಾಪಸ್ ಬಂದ ಮೇಲೆ ಒಂದು ದಿನ ಕ್ಯಾನ್ಯನ್ ಪಾರ್ಕಿನ ಆಫೀಸಿನಿಂದ ಬೇಗ ಬಂದೆ. ಅಪ್ಪ ಊಟ ಮುಗಿಸಿ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದ. ಬಲಗೈ ತಟ್ಟೆಯ ಮೇಲೆ ಇತ್ತು. ಬೆರಳಿಗೆ ಅಂಟಿದ್ದ ಅನ್ನ, ಸಾರು ಒಣಗಿ ಬಿರಿದಿತ್ತು.

"ಊಟ ಯಾವಾಗ ಆತಪ್ಪಾ?"

"ಆಗಳೇ ಆತು."

"ಕೈ ತೊಳಕೊಂಡಿಲ್ಲಲ್ಲ?"

"ಕೂಸು ಸಾಲಿಯಿಂದ ಬರತೈತೆಲ್ಲ ಇನ್ನೇನ" ಅಂದ. "ದಿನಾ ಅದಽ ನಳ ಬಿಟ್ಟ ಕೊಡತೈತಿ."

ನಾನು ಹೋಗಿ ನಲ್ಲಿ ಬಿಟ್ಟೆ. ಅಪ್ಪ ಬಂದು ಕೈ ಒಡ್ಡಿ, ನಿಧಾನವಾಗಿ ತೊಳೆದುಕೊಂಡು, ಹಿಂದಕ್ಕೆ ಸರಿದು ನಿಂತ.

"ಸಾಕು" ಅಂದ. "ಬಂದ್ ಮಾಡವಾ."