ಕೋಟು, ನೈಟಿ ಮತ್ತು ಓರಗಿತ್ತಿಯ ಚೂಡಿದಾರ

ನನ್ನ ಕರಿಕೋಟಿನ ಮೇಲೆ ನನಗೆ ಗೌರವವಿದೆ, ಪ್ರೀತಿಯಿಲ್ಲ. ಬಂಟ್ವಾಳದಲ್ಲಿ ನಾನು ಕೆಲಸ ಕಲಿತ ಹಿರಿಯ ವಕೀಲರು ಮೊದಲ ವಾರವೇ ಹೇಳಿದ್ದರು: "ನೋಡಮ್ಮ, ಕಕ್ಷಿದಾರ ಮೊದಲು ನೋಡುವುದು ನಿನ್ನ ಕೋಟನ್ನು. ನಿನಗೆ ಕಾನೂನು ಗೊತ್ತುಂಟೋ ಇಲ್ಲವೋ ಅಂತ ಆಮೇಲೆ ಯೋಚನೆ ಮಾಡ್ತಾನೆ. ಹಾಗಾಗಿ ಮನೆಯಲ್ಲಿ ಸಿಗುವಾಗಲೂ ಸರಿಯಾಗಿ ಡ್ರೆಸ್ ಮಾಡಿಯೇ ಸಿಗಬೇಕು." ಅವರ ಎಷ್ಟೋ ಮಾತುಗಳನ್ನು ಮರೆತಿದ್ದೇನೆ. ಇದೊಂದು ಮಾತ್ರ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಬೆಳ್ತಂಗಡಿಯ ಬೇಸಗೆಯಲ್ಲಿ ಗಂಜಿ ಹಾಕಿದ ಬಿಳಿ ಸೀರೆ ಉಟ್ಟು, ಕುತ್ತಿಗೆಗೆ ಬ್ಯಾಂಡ್ ಕಟ್ಟಿ, ಮೇಲೆ ಕರಿಕೋಟು ತೊಟ್ಟು ನಿಲ್ಲುವುದೆಂದರೆ ಇಡ್ಲಿಯ ಪಾತ್ರೆಯೊಳಗೆ ನಿಂತ ಹಾಗೆ. ಸಂಜೆ ಮನೆಗೆ ಬಂದು ನೈಟಿಯೊಳಗೆ ನುಗ್ಗಿದ ಮೇಲೆಯೇ ನನಗೆ ನನ್ನ ಉಸಿರು ಸಿಗುವುದು. ನೈಟಿಯನ್ನು ರಾತ್ರಿ ಮಾತ್ರ ತೊಡಬೇಕೆಂದು ನಮ್ಮ ಕಡೆ ಯಾರೂ ತಿಳಿದಿಲ್ಲ. ಹೆಗಲ ಮೇಲೊಂದು ಬೈರಾಸು, ಅಂದರೆ ಟವೆಲು, ಹಾಕಿಕೊಂಡರೆ ಸಾಕು, ಮೀನಿನವನ ಎದುರಿಗೂ ಅದೇ ಮರ್ಯಾದೆಯ ಉಡುಪು, ಪಕ್ಕದ ಅಂಗಡಿಗೂ ಅದೇ. ಈ ವಿಷಯದಲ್ಲಿ ನನ್ನ ಗಂಡನೂ ನನ್ನ ಪಕ್ಷ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಪಾಠ ಮಾಡುವ ಅವರಿಗೆ ಟೈ ಕಡ್ಡಾಯ. ವಾಪಸು ಬರುವ ಬಸ್ಸು ಊರು ದಾಟುವ ಮೊದಲೇ ಆ ಟೈ ಅವರ ಚೀಲದೊಳಗೆ ಸೇರಿರುತ್ತದೆ.

ಕಳೆದ ಏಪ್ರಿಲ್‌ನ ಒಂದು ಭಾನುವಾರ ನಾನು ಮನೆಯ ಜೇಡರ ಬಲೆ ತೆಗೆಯುತ್ತಿದ್ದೆ. ಮೈಮೇಲೆ ಬಣ್ಣ ಹೋದ ನೈಟಿ, ತಲೆಗೊಂದು ಬೈರಾಸು, ಧೂಳಿಗೆಂದು ಮೂಗು ಬಾಯಿ ಮುಚ್ಚಿ ಕಟ್ಟಿದ ಇನ್ನೊಂದು ಬಟ್ಟೆ, ಕೈಯಲ್ಲಿ ಕೋಲಿಗೆ ಕಟ್ಟಿದ ಪೊರಕೆ. ಗೇಟು ತೆರೆದ ಸದ್ದಾಯಿತು. ನೋಡಿದರೆ, ಅರುವತ್ತು ದಾಟಿದ ಒಬ್ಬ ಹೆಂಗಸು. ಗಿಳಿಹಸಿರು ಬಣ್ಣದ ಭಾರೀ ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ, ಹಣೆಯಿಂದ ಗಲ್ಲದವರೆಗೆ ಇಳಿಯುತ್ತಿರುವ ಬೆವರು.

"ವಕೀಲಮ್ಮ ಇದ್ದಾರಾ?" ಎಂದರು.

ನಾನೇ ಎನ್ನಲು ಬಾಯಿ ತೆರೆದೆ. ಬಂಟ್ವಾಳದ ಹಿರಿಯರು ತಲೆಯೊಳಗೆ ಕೆಮ್ಮಿದ ಹಾಗಾಯಿತು. "ಇದ್ದಾರೆ, ಈಗ ಬರ್ತಾರೆ, ಕೂತುಕೊಳ್ಳಿ" ಎಂದುಬಿಟ್ಟೆ. ಬೆಲ್ಲ ನೀರು ತಂದುಕೊಟ್ಟೆ. ಇನ್ನು ಒಳಗೆ ಓಡಿ ಸೀರೆ ಉಡುವುದೆಂದು ನನ್ನ ಯೋಚನೆ. ಆದರೆ ಆಕೆ ನನ್ನ ಕೈ ಹಿಡಿದರು.

"ಸ್ವಲ್ಪ ಇಲ್ಲಿ ಬಾ ಮಾರಾಯ್ತಿ. ಈ ಹೆಗಲಿನ ಪಿನ್ನು ಬಸ್ಸು ಹತ್ತಿದಲ್ಲಿಂದ ಚುಚ್ಚುತ್ತಾ ಉಂಟು. ತೆಗೆದು ಬಿಡು."

ತೆಗೆದೆ. ಆಕೆ ಬಿಟ್ಟ ಉಸಿರಿಗೆ ಸಿಟೌಟಿನ ಕ್ಯಾಲೆಂಡರ್ ಅಲ್ಲಾಡಿತು ಎಂದರೆ ಸ್ವಲ್ಪ ಹೆಚ್ಚಾಯಿತು. ಆದರೆ ದೊಡ್ಡ ಉಸಿರೇ.

"ಮಗಳ ಮದುವೆಗೆ ತೆಗೆದ ಸೀರೆ ಇದು. ವಕೀಲರ ಹತ್ರ ಹೇಗೆಂದರೆ ಹಾಗೆ ಬರ್ಲಿಕ್ಕೆ ಆಗ್ತದಾ? ನೆರಿಯದ ನಮ್ಮ ಊರಿಂದ ಇಲ್ಲಿವರೆಗೆ ನಿಂತುಕೊಂಡೇ ಬಂದೆ. ಸೀಟು ಇತ್ತು. ಕೂತರೆ ನೆರಿಗೆ ಹಾಳಾಗ್ತದಲ್ಲ." ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ನದೇ ಸುಖ. ನೈಟಿ ಹಾಕಿ ಆರಾಮ."

ಆಕೆಯ ಮನಸ್ಸು ಬಿಚ್ಚಿಕೊಂಡಿತು, ತುಳುವಿನಲ್ಲಿ ಮಾತು ಹರಿಯತೊಡಗಿತು. ಪಕ್ಕದ ಮನೆಯಲ್ಲಿ ಓರಗಿತ್ತಿ ಇದ್ದಾಳೆ, ಗಂಡನ ತಮ್ಮನ ಹೆಂಡತಿ. ಹಾಲಿನ ಸೊಸೈಟಿಗೆ ಹೋಗುವ ಕಾಲುದಾರಿ ಅವಳ ಅಂಗಳದ ಬದಿಯಿಂದ. ಮೊನ್ನೆ ಅದಕ್ಕೆ ಅಡ್ಡವಾಗಿ ಮುಳ್ಳಿನ ಬೇಲಿ ಹಾಕಿಬಿಟ್ಟಿದ್ದಾಳೆ. ಈಗ ಹಾಲಿನ ಕ್ಯಾನ್ ಹಿಡಿದು ಗುಡ್ಡ ಸುತ್ತಿ ಹೋಗಬೇಕು. ಗಂಡಸರಿಬ್ಬರಿಗೆ ಜಗಳ ಇಲ್ಲ, ಈಗಲೂ ಒಟ್ಟಿಗೆ ಕೂತು ವೀಳ್ಯ ಹಾಕುತ್ತಾರೆ.

"ಸುಮ್ಮನೆ ಹಾಕಿದರಾ ಬೇಲಿ?" ನನ್ನ ಬಾಯಿಯಿಂದ ತಪ್ಪಿ ಬಂತು.

"ಸುಮ್ಮನೆ ಯಾರಾದರೂ ಹಾಕ್ತಾರಾ?" ಆಕೆ ಸ್ವರ ತಗ್ಗಿಸಿದರು. "ಅವಳು ದುಬೈಗೆ ಮಗನ ಮನೆಗೆ ಹೋಗಿ ಬಂದಳು. ಬರುವಾಗ ಚೂಡಿದಾರ! ಈ ಪ್ರಾಯದಲ್ಲಿ! ಅದನ್ನು ಹಾಕಿ ಸೊಸೈಟಿಗೆ ಬಂದಳು. ನಾನು ಎಲ್ಲರ ಎದುರು, ಹೈಸ್ಕೂಲಿಗೆ ಸೇರಿದ್ದೀಯಾ, ಬ್ಯಾಗ್ ಎಲ್ಲಿ ಅಂತ ಕೇಳಿದೆ. ಎಲ್ಲರೂ ನಗಾಡಿದರು. ಮರುದಿನ ಬೇಲಿ."

"ಯಾಕೆ ಹಾಗೆ ಕೇಳಿದ್ದು ನೀವು?"

ಆಕೆ ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡು ಅಂಗಳ ನೋಡಿದರು. "ನನಗೂ ಒಂದು ಹಾಕಿ ನೋಡಬೇಕು ಅಂತ ಇತ್ತು. ಅವಳು ಮೊದಲು ಹಾಕಿದಳಲ್ಲ, ಹೊಟ್ಟೆಕಿಚ್ಚಾಯಿತು. ನಿನ್ನ ಹತ್ರ ಹೇಳಿದೆ ಅಷ್ಟೆ. ವಕೀಲಮ್ಮನಿಗೆ ಹೇಳುವುದು ಬೇಡ."

ಇಷ್ಟೆಲ್ಲ ಕೇಳಿದ ಮೇಲೆ ನಾನೇ ವಕೀಲೆ ಎಂದು ಹೇಗೆ ಹೇಳಲಿ? ಕರೆಯುತ್ತೇನೆ ಎಂದು ಒಳಗೆ ಹೋದೆ. ಮುಖ ತೊಳೆಯಲು ಪುರುಸೊತ್ತಿಲ್ಲದೆ ಒರೆಸಿಕೊಂಡು, ಬಿಳಿ ಸೀರೆ ಸುತ್ತಿಕೊಂಡೆ. ಗುರುತು ಸಿಗದಿರಲೆಂದು ಕರಿಕೋಟನ್ನೂ ತೊಟ್ಟೆ. ಭಾನುವಾರ ಮನೆಯೊಳಗೆ ಕೋಟು ತೊಟ್ಟ ನನ್ನನ್ನು ನೋಡಿ ಗಂಡ ಓದುತ್ತಿದ್ದ ಪೇಪರನ್ನು ಮೆಲ್ಲ ಕೆಳಗಿಟ್ಟರು. ನಾನು ತುಟಿಯ ಮೇಲೆ ಬೆರಳಿಟ್ಟು ಹೊರಗೆ ನಡೆದೆ.

ಹೆಂಗಸು ಎದ್ದು ಕೈ ಮುಗಿದರು. ತುಳು ಎಲ್ಲಿ ಹೋಯಿತೋ, ಶಾಲೆಯ ಕನ್ನಡ ಬಂತು.

"ನಮಸ್ಕಾರ ಮೇಡಂ. ನನ್ನ ಓರಗಿತ್ತಿಯವರು ಯಾವುದೇ ಕಾರಣವಿಲ್ಲದೆ ನಮ್ಮ ಕಾಲುದಾರಿಯನ್ನು ಬಂದ್ ಮಾಡಿರುತ್ತಾರೆ."

"ಯಾವ ಕಾರಣವೂ ಇಲ್ಲದೆಯಾ?"

"ಇಲ್ಲವೇ ಇಲ್ಲ."

"ನಿಮ್ಮೊಳಗೆ ಏನಾದರೂ ಮಾತು ಬೆಳೆದಿತ್ತಾ?"

"ನಾನು ಹೆಚ್ಚು ಮಾತನಾಡುವವಳಲ್ಲ ಮೇಡಂ."

ಬಾಗಿಲ ಹಿಂದೆ ಯಾರೋ ನಗು ತಡೆದುಕೊಂಡ ಸದ್ದು. ನನ್ನ ಗಂಡ ಉಟ್ಟ ಮುಂಡಿನಲ್ಲೇ ಹೊರಗೆ ಬಂದು, ಬಹಳ ಗಂಭೀರವಾಗಿ, "ಚಾ ಮಾಡ್ಲಿಕ್ಕೆ ಕೆಲಸದವಳಿಗೆ ಹೇಳಲಾ?" ಎಂದು ಕೇಳಿದರು.

"ಅವಳು ಹೋದಳು. ನೀವೇ ಮಾಡಿ" ಎಂದೆ.

ಅವರೇ ಮಾಡಿ ತಂದರು. ಚಾ ಕುಡಿಯುತ್ತಾ ಆಕೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ತಕ್ಷಣ ನೋಟಿಸು ಕಳಿಸುವುದು ಬೇಡ, ಬರುವ ಭಾನುವಾರ ನಾನೇ ಜಾಗ ನೋಡಲು ಬರುತ್ತೇನೆ ಎಂದೆ. ಹೊರಡುವಾಗ ಆಕೆ, "ಆ ಕೆಲಸದ ಹೆಂಗಸನ್ನೂ ಕರ್ಕೊಂಡು ಬನ್ನಿ. ಒಳ್ಳೆಯವಳು" ಎಂದರು.

ಏನು ಉಟ್ಟು ಹೋಗುವುದೆಂದು ಆ ವಾರವಿಡೀ ನಮ್ಮ ಮನೆಯಲ್ಲಿ ಚರ್ಚೆ. ಕೋಟು ತೊಟ್ಟರೆ ಓರಗಿತ್ತಿಯೂ ಶಾಲೆಯ ಕನ್ನಡದಲ್ಲಿ ಕಾರಣವಿಲ್ಲ ಎನ್ನುತ್ತಾಳೆ. ನೈಟಿಯಲ್ಲಿ ಹೋಗಲು ನನಗೆ ಅಷ್ಟು ಧೈರ್ಯವಿಲ್ಲ. ಕೊನೆಗೆ ಹಳೆಯ ಹತ್ತಿಯ ಚೂಡಿದಾರ ಹಾಕಿಕೊಂಡು ಗಂಡನ ಸ್ಕೂಟರಿನ ಹಿಂದೆ ಕೂತೆ.

ನಾವು ಹೇಳಿದ ಹೊತ್ತಿಗಿಂತ ಮೊದಲೇ ತಲುಪಿಬಿಟ್ಟೆವು. ಆಕೆ ಅಂಗಳದಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದರು. ಈಗ ನೈಟಿ ಆಕೆಯ ಮೈಮೇಲೆ, ಬೈರಾಸು ಹೆಗಲಲ್ಲಿ. ನನ್ನನ್ನು ಕಂಡು ಒಂದು ಕ್ಷಣ ಗಾಬರಿಯಾದರು. ಆಮೇಲೆ ಮುಖ ಅರಳಿತು.

"ಓ, ವಕೀಲಮ್ಮನೂ ಕೆಲಸದವಳೂ ಒಟ್ಟಿಗೇ ಬಂದಿರಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಯಾವಾಗ ಗೊತ್ತಾಯಿತು ಅಮ್ಮ?"

"ಚಾ ಕುಡಿಯುವಾಗ. ನಿಮ್ಮ ಹುಬ್ಬಿನಲ್ಲಿ ಜೇಡರ ಬಲೆ ಇತ್ತು."

"ಹೇಳಬಾರದಿತ್ತಾ?"

"ನೀವು ಪಾಪ ಅಷ್ಟು ಚೆಂದ ಕೋಟು ಹಾಕಿ ಬಂದಿದ್ದಿರಿ. ಹೇಗೆ ಹೇಳುವುದು?"

ಸ್ಕೂಟರಿನ ಹತ್ತಿರ ನನ್ನ ಗಂಡ ಬೆನ್ನು ತಿರುಗಿಸಿ ನಿಂತಿದ್ದರು. ಭುಜ ಅಲುಗಾಡುತ್ತಿತ್ತು.

ಬೇಲಿಯ ಆಚೆ ಓರಗಿತ್ತಿ ಬಂದರು. ಸಪೂರ ಹೆಂಗಸು, ನೀಲಿ ಚೂಡಿದಾರ. ನನ್ನ ಬಟ್ಟೆಯನ್ನೊಮ್ಮೆ, ತಮ್ಮದನ್ನೊಮ್ಮೆ ನೋಡಿಕೊಂಡು ಸ್ವಲ್ಪ ಸಲೀಸಾದರು. ನಾನು ಯಾರೆಂದು ಹೇಳಿ, ದಾರಿ ಯಾಕೆ ಮುಚ್ಚಿದ್ದು ಎಂದು ಕೇಳಿದೆ.

"ನನಗೆ ಗಂಟುನೋವು ಉಂಟು. ಸೀರೆ ಕಾಲಿಗೆ ಸಿಕ್ಕಿ ಒಂದು ಸಲ ಇದೇ ದಾರಿಯಲ್ಲಿ ಬಿದ್ದಿದ್ದೇನೆ. ದುಬೈಯಲ್ಲಿ ಸೊಸೆ ಇದನ್ನು ತೆಗೆಸಿಕೊಟ್ಟಳು. ಎಷ್ಟು ಸಲೀಸು ಗೊತ್ತುಂಟಾ? ಇನ್ನು ನಾನೂ ಎಲ್ಲರ ಹಾಗೆ ನಡೀಬಹುದು ಅಂತ ಖುಷಿಯಲ್ಲಿ ಸೊಸೈಟಿಗೆ ಹೋದೆ. ಬೇರೆ ಯಾರು ನಗಾಡಿದ್ದರೂ ನನಗೆ ಏನಿಲ್ಲ. ಇವಳು ನನ್ನ ಅಕ್ಕನ ಹಾಗೆ. ಇವಳೇ ಶುರು ಮಾಡಿದಳು." ಅವರ ಸ್ವರ ಒಡೆಯಿತು. "ಅವತ್ತಿನಿಂದ ನಾನು ಸೊಸೈಟಿಗೆ ಹೋಗ್ಲಿಲ್ಲ. ಹಾಲು ನಮ್ಮ ಯಜಮಾನರೇ ಕೊಂಡು ಹೋಗ್ತಾರೆ."

ನನ್ನ ಕಕ್ಷಿದಾರೆ ಬೈರಾಸಿನ ತುದಿಯನ್ನು ತಿರುಚುತ್ತಾ ನಿಂತಿದ್ದರು. ಆ ನಗು ಇಷ್ಟು ಆಳಕ್ಕೆ ಇಳಿದಿದೆ ಎಂದು ಅವರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಆಮೇಲೆ ನನ್ನ ಕಡೆ ಕೈ ತೋರಿಸಿದರು. "ಯಾಕೆ ನಗಾಡಿದ್ದು ಅಂತ ಇವರ ಹತ್ರ ಹೇಳಿದ್ದೇನೆ. ಇವರನ್ನೇ ಕೇಳು."

"ಅದು ಕೆಲಸದವಳಿಗೆ ಹೇಳಿದ್ದು. ವಕೀಲರ ಬಾಯಿಂದ ಬರುವ ಹಾಗಿಲ್ಲ" ಎಂದೆ.

ನನ್ನ ಕಕ್ಷಿದಾರೆ ಇನ್ನೊಂದು ಹಿಡಿ ಹುಲ್ಲನ್ನು ದನದ ಮುಂದೆ ಹಾಕಿದರು. ಕೊನೆಗೆ ಆಕೆ ನೆಲ ನೋಡುತ್ತಾ ಹೇಳಿದರು: "ನನಗೂ ಹಾಕಬೇಕು ಅಂತ ಆಸೆ ಇತ್ತು ಮಾರಾಯ್ತಿ. ಕೇಳ್ಲಿಕ್ಕೆ ನಾಚಿಕೆ. ಹಾಗೆ ನಗಾಡಿದೆ."

ಓರಗಿತ್ತಿ ಒಳಗೆ ನಡೆದುಬಿಟ್ಟರು. ಸಿಟ್ಟು ಇಳಿಯಲಿಲ್ಲವೆಂದು ನಾನು ಅಂದುಕೊಳ್ಳುವಷ್ಟರಲ್ಲಿ ತಿರುಗಿ ಬಂದರು. ಕೈಯಲ್ಲಿ ಮಡಚಿದ ಇನ್ನೊಂದು ಚೂಡಿದಾರ, ಕುಂಕುಮ ಬಣ್ಣದ್ದು. ಬೇಲಿಯ ಮೇಲಿಂದ ಚಾಚಿದರು.

"ನಾಳೆ ಬೆಳಿಗ್ಗೆ ಇದನ್ನು ಹಾಕಿ ಸೊಸೈಟಿಗೆ ಹೋಗು. ನೀನು ಹೋಗಿ ಬಂದ ಮೇಲೆ ಬೇಲಿ ತೆಗೀತೇನೆ."

ನನ್ನ ಕಕ್ಷಿದಾರೆ ಕಂಗಾಲಾಗಿ ನನ್ನನ್ನು ನೋಡಿದರು. "ಹೀಗೂ ಕಾನೂನು ಉಂಟಾ ವಕೀಲಮ್ಮ?"

"ರಾಜಿಯಲ್ಲಿ ಎಲ್ಲ ಉಂಟು" ಎಂದೆ.

ಮರುದಿನ ನಡೆದದ್ದನ್ನು ಆಕೆಯೇ ಫೋನಿನಲ್ಲಿ ಹೇಳಿದರು. ನಾನಾಗ ಕೋರ್ಟಿನ ವರಾಂಡದಲ್ಲಿ ಬ್ಯಾಂಡ್ ಸಡಿಲಿಸಿಕೊಂಡು ನಿಂತಿದ್ದೆ. ಬೆಳಿಗ್ಗೆ ಚೂಡಿದಾರ ಹಾಕಿ ಕ್ಯಾನ್ ಹಿಡಿದದ್ದೇನೋ ಹೌದು, ಆದರೆ ಅಂಗಳ ದಾಟಲು ಕಾಲು ಬರಲಿಲ್ಲವಂತೆ. ಎರಡು ಹೆಜ್ಜೆ ಮುಂದೆ, ಎರಡು ಹಿಂದೆ. ಆಚೆಯಿಂದ ನೋಡುತ್ತಿದ್ದ ಓರಗಿತ್ತಿಗೆ ತಡೆಯಲಿಲ್ಲ. ಕತ್ತಿ ತಂದು ತಾವೇ ಬೇಲಿ ಕಡಿದು, "ನಡಿ, ನಾನೂ ಬರ್ತೇನೆ" ಎಂದರಂತೆ.

"ಸೊಸೈಟಿಯಲ್ಲಿ ಯಾರಾದರೂ ನಗಾಡಿದರಾ?" ನಾನು ಕೇಳಿದೆ.

"ನಗಾಡಿದರು. ಇಬ್ಬರು ಒಟ್ಟಿಗೆ ಇದ್ದೆವಲ್ಲ, ನಾವೂ ನಗಾಡಿದೆವು. ಮತ್ತೆ ಇದಕ್ಕೆ ಕಿಸೆ ಉಂಟು ವಕೀಲಮ್ಮ! ಮೊಬೈಲು ಅದರಲ್ಲಿ, ವೀಳ್ಯದೆಲೆಯೂ ಅದರಲ್ಲಿ. ಇಷ್ಟು ವರ್ಷ ಸೊಂಟಕ್ಕೆ ಸಿಕ್ಕಿಸಿಕೊಂಡು ಸತ್ತದ್ದು ಸುಮ್ಮನೆ."

ಇದು ನಡೆದು ಎಷ್ಟೋ ದಿನಗಳಾದ ಮೇಲೆ ನನಗೆ ಇನ್ನೊಂದು ಫೋನ್ ಬಂತು. ಓರಗಿತ್ತಿ.

"ಬೇಲಿಯ ವಿಷಯ ಮುಗಿಯಿತು ವಕೀಲಮ್ಮ. ಆದರೆ ಅವಳು ನನ್ನ ಚೂಡಿದಾರ ವಾಪಸು ಕೊಡುವುದಿಲ್ಲ. ಕೇಳಿದರೆ ತೊಳೆದು ಕೊಡ್ತೇನೆ ಅಂತಾಳೆ. ಮರುದಿನ ನೋಡಿದರೆ ಮೈಮೇಲೆ ಉಂಟು. ನೋಟಿಸು ಕಳಿಸಬಹುದಾ?"

ನಾನು ಅವರ ಎದುರು ಪಕ್ಷದ ವಕೀಲೆ, ಸಲಹೆ ಕೊಡುವಂತಿಲ್ಲ ಎಂದೆ. ಅವರು ಗಟ್ಟಿಯಾಗಿ ನಕ್ಕರು. ಹಿಂದಿನಿಂದ ಇನ್ನೊಂದು ಸ್ವರ, "ಅದು ನನಗೇ ಹೆಚ್ಚು ಒಪ್ಪುವುದು ಅಂತ ಹೇಳು" ಎಂದದ್ದು ಕೇಳಿಸಿತು. ಆ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲವೆಂದು ಕೇಳಿದ್ದೇನೆ.