ಆಯುಧಪೂಜೆಗೆ ಬಂದ ಚೀಟಿ

ಅಮೆರಿಕದ ಪ್ಲಿಮತ್‌ನ ನಮ್ಮ ಮನೆಯಲ್ಲಿ ಆಯುಧಪೂಜೆ. ಕಾರಿನ ಕೀ, ಲ್ಯಾಪ್‌ಟಾಪ್, ಈಳಿಗೆಮಣೆ ಎಲ್ಲವನ್ನೂ ದೇವರ ಮುಂದಿಟ್ಟು ಕುಂಕುಮ ಹಚ್ಚುತ್ತಿದ್ದೆ. ಇಪ್ಪತ್ತು ವರ್ಷದ ಮಗಳು ಅನಘಾ ಮಡಚಿದ ಚೀಟಿಯೊಂದನ್ನು ತಂದು ಅವುಗಳ ನಡುವೆ ಇಟ್ಟಳು. ಯಾವುದೋ ಹಳೇ ಬಿಲ್ ಇರಬೇಕೆಂದು ಗದರಿ, ಕಸಕ್ಕೆ ಹಾಕಲು ಎತ್ತಿಕೊಂಡೆ.

ಅವಳು ನನ್ನ ಕೈ ಹಿಡಿದುಕೊಂಡಳು. "ಬೇಡ ಅಮ್ಮ. ಮಾರ್ಚಲ್ಲಿ ನಂಗೆ ಬದುಕೋದೇ ಬೇಡ ಅನ್ಸಿತ್ತು. ಗನ್ ತಗೊಳ್ಳೋಕೆ ಅಂಗಡಿಗೆ ಹೋಗಿದ್ದೆ. ಇಪ್ಪತ್ತೊಂದು ಆಗಿಲ್ವಲ್ಲ, ಅಂಥವರ ಹಿನ್ನೆಲೆ ಜಾಸ್ತಿ ವಿಚಾರಿಸ್ತಾರಂತೆ; ಬ್ಯಾಕ್‌ಗ್ರೌಂಡ್ ಚೆಕ್ ಡಿಲೇ ಆಗಿದೆ, ಎರಡು ವಾರ ಬಿಟ್ಟು ಬಾ ಅಂತ ಡೇಟ್ ಬರೆದು ಈ ಚೀಟಿ ಕೊಟ್ರು. ಐ ವಾಸ್ ಸೋ ಆಂಗ್ರಿ. ಆದ್ರೆ ಅಷ್ಟರಲ್ಲಿ ಕಾಲೇಜ್ ಕೌನ್ಸೆಲರ್ ಹತ್ರ ಹೋದೆ. ಮತ್ತೆ ಆ ಅಂಗಡಿಗೆ ಹೋಗ್ಲೇ ಇಲ್ಲ."

ಆ ಮಾರ್ಚ್‌ನಲ್ಲಿ ಅವಳು ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಪರೀಕ್ಷೆಯ ಟೆನ್ಷನ್ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದವಳು ನಾನೇ.

ವೀಸಾ, ಗ್ರೀನ್ ಕಾರ್ಡ್ ಎಂದು ಈ ದೇಶ ಕಾಯಿಸಿದಾಗಲೆಲ್ಲ ಶಾಪ ಹಾಕಿದ್ದೇನೆ. ಅಂದು ಆ ಚೀಟಿಗೂ ಕುಂಕುಮ ಹಚ್ಚಿದೆ. ನನ್ನ ಮಗಳನ್ನು ಕಾಯಿಸಿದವರು ಯಾರೋ ಏನೋ, ಅವರ ಹೊಟ್ಟೆ ತಣ್ಣಗಿರಲಿ.