ಎರಡನೇ ಚಾವಿ ಕೊಡದ ಅಖ್ತರ ಬೇಗಂ

ಶಹಾಬಾದಿನ ಅಖ್ತರ ಬೇಗಂ ಯಾರಿಗೂ ಎರಡನೇ ಚಾವಿ ಕೊಡುವುದಿಲ್ಲ. ಕೈಮುಗಿದು ಕೇಳಿದರೂ ಇಲ್ಲ, ದಬಾಯಿಸಿ ಕೇಳಿದರೂ ಇಲ್ಲ. ಕಾರಿನ ಗಾಲಿ ಕಳುವಾಗದಂತೆ ಆಕೆ ಗಾಲಿಗೊಂದು ನಟ್ಟು ಮಾಡಿಕೊಡುತ್ತಾಳೆ, ನಾಲ್ಕು ನಟ್ಟಿಗೂ ಸೇರಿ ಚಾವಿ ಒಂದೇ. ನಟ್ಟಿನ ಮೈ ದುಂಡಗೆ, ನುಣ್ಣಗೆ; ಯಾವ ಪಾನಾ ಹಾಕಿದರೂ ಜಾರುತ್ತದೆ. ತಲೆಯ ಮೇಲೆ ನಾಲ್ಕು ಸಣ್ಣ ತೂತು. ಆ ತೂತುಗಳಲ್ಲಿ ಸರಿಯಾಗಿ ಕೂರುವ ನಾಲ್ಕು ಮೊಳೆಯ ಚಾವಿ ಇದ್ದರೆ ಮಾತ್ರ ನಟ್ಟು ತಿರುಗುತ್ತದೆ. ಒಬ್ಬರ ಅಳತೆ ಇನ್ನೊಬ್ಬರಿಗೆ ಬರುವುದಿಲ್ಲ, ಆ ಅಳತೆಯನ್ನು ಆಕೆ ಎಲ್ಲಿಯೂ ಬರೆದಿಡುವುದೂ ಇಲ್ಲ.

ಸೇಡಂನ ಶಾರದಾಬಾಯಿಗೆ ಈಗ ಬೇಕಾಗಿದ್ದದ್ದು ಆ ಎರಡನೇ ಚಾವಿಯೇ.

ಗಂಡ ನರಸಿಂಹ ಮಾಸ್ತರರು ಹೋದ ಕಾರ್ತಿಕದಲ್ಲಿ ತೀರಿಕೊಂಡಿದ್ದರು. ಅವರು ಬಿಟ್ಟುಹೋದ ಬಿಳಿ ಕಾರನ್ನು ನಡೆಸಲು ಶಾರದಾಬಾಯಿ ತನ್ನ ಐವತ್ತೆರಡನೇ ವಯಸ್ಸಿನಲ್ಲಿ ಕಲಿತಳು. ಓಣಿಯವರು ಬಾಯಿಗೆ ಸೆರಗಿಟ್ಟುಕೊಂಡು ನಕ್ಕರೂ ಬಿಡಲಿಲ್ಲ. ಗುಂಡಗುರ್ತಿಯ ಶಾಲೆಗೆ ಎರಡೆರಡು ಬಸ್ಸು ಬದಲಿಸಿ ಹೋಗುತ್ತಿದ್ದ ಟೀಚರು ಒಂದು ತಿಂಗಳಿಂದ ತಾನೇ ಸ್ಟೇರಿಂಗ್ ಹಿಡಿದು ಹೋಗುತ್ತಿದ್ದಳು. ಅಷ್ಟರಲ್ಲಿ ಹಿಂದಿನ ಗಾಲಿ ಪಂಕ್ಚರ್ ಆಯಿತು. ಇನ್ನೊಂದು ಗಾಲಿ ಡಿಕ್ಕಿಯಲ್ಲಿ ತಯಾರಿತ್ತು. ಚಾವಿ ಮಾತ್ರ ಇರಲಿಲ್ಲ.

ಹುಡುಕಿ ಹುಡುಕಿ ಸೋತ ಮೇಲೆ ನೆನಪಾಯಿತು. ಕಳ್ಳರ ಕೈಗೆ ಸಿಗಬಾರದೆಂದು ಮಾಸ್ತರರು ಚಾವಿಯನ್ನು ಹಳೆಯ ಹಿತ್ತಾಳೆಯ ಎಲೆಯಡಿಕೆ ಡಬ್ಬಿಯ ತಳದಲ್ಲಿ ಇಟ್ಟಿದ್ದರು. ಆ ಡಬ್ಬಿಯನ್ನು ಯುಗಾದಿಯ ಹೊತ್ತಿಗೆ ಹಳೇ ಪಾತ್ರೆ ಒಯ್ಯುವ ಭಾಗಮ್ಮನಿಗೆ ಕೊಟ್ಟು, ಸ್ಟೀಲಿನ ಹೊಸ ಡಬ್ಬಿ ತೆಗೆದುಕೊಂಡವಳು ಶಾರದಾಬಾಯಿಯೇ. ಕಳ್ಳರಿಂದ ಉಳಿದ ಚಾವಿ ಮನೆಯ ಹೆಣ್ಣುಮಗಳ ಕೈಯಿಂದಲೇ ಹೊರಗೆ ಹೋಗಿತ್ತು.

ಮೈದುನ ನಂದಕಿಶೋರ್‌ಗೆ ಕಾರು ಮಾರಿಸಲು ಇದೇ ನೆಪ ಸಾಕಾಯಿತು. “ವೈನಿ, ಸುಮ್ಮನ ಯಾಕ ಒದ್ದಾಡ್ತೀರಿ? ನಾಳೆ ನಾಲ್ಕಕ್ಕ ಶಾಹನವಾಜ ಮೆಕ್ಯಾನಿಕ್ ಗ್ಯಾಸ್ ಕಟರ್ ತೊಗೊಂಡು ಬರ್ತಾನ. ನಟ್ಟು ಸುಟ್ಟು ತೆಗೀಲಿ. ಗಾಲಿ ಕೆಟ್ರ ಕೆಡ್ಲಿ, ಗಾಡಿ ಕೊಳ್ಳೋ ಚಿಂಚೋಳಿ ಮಂದಿ ಹಂಗೇ ಎಳಕೊಂಡು ಹೋಗ್ತೀವಿ ಅಂದಾರ. ಈ ವಯಸ್ಸಿನಾಗ ನಿಮಗ್ಯಾಕ ಗಾಡಿ?”

ಶಾರದಾಬಾಯಿಗೆ ಗೊತ್ತಿತ್ತು: ಆ ಕಾರು ಹೋದರೆ ತಾನು ಮತ್ತೆ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವವಳೇ, ಎಲ್ಲಿಗೆ ಹೋಗಬೇಕಾದರೂ ಮೈದುನನನ್ನು ಕೇಳುವವಳೇ. ಗಂಡ ಹಿಂದೆ ಒಮ್ಮೆ ಹೇಳಿದ್ದು ಕಿವಿಯಲ್ಲಿತ್ತು: “ಚಾವಿ ಕಳದ್ರ ಬ್ಯಾರೆ ಯಾರಿಗೂ ಮುಟ್ಟಸಬ್ಯಾಡ. ಶಹಾಬಾದಿಗೆ ನೀನೇ ಹೋಗು.” ಮರುದಿನ ಬೆಳಗಿನ ಮೊದಲ ಬಸ್ಸು ಹತ್ತಿದಳು.

ಬಸ್ಸು ವಾಡಿ ಮುಟ್ಟಿದಾಗ ಆರು ವರ್ಷದ ಹಿಂದಿನದೆಲ್ಲ ಕಣ್ಣಿಗೆ ಕಟ್ಟಿತು. ಕಾರನ್ನು ಸ್ಟೇಷನ್ ಹೊರಗೆ ನಿಲ್ಲಿಸಿ ಗಂಡ ಹೆಂಡತಿ ಮಂತ್ರಾಲಯಕ್ಕೆ ಹೋಗಿದ್ದರು. ರಾಯರ ಪ್ರಸಾದ ಹಿಡಿದುಕೊಂಡು ಬಂದು ನೋಡಿದರೆ ಕಾರು ಶಹಾಬಾದ್ ಫರಸಿ ಕಲ್ಲುಗಳ ಮೇಲೆ ನಿಂತಿದೆ, ನಾಲ್ಕೂ ಗಾಲಿ ಮಾಯ. ಶಾರದಾಬಾಯಿ ಅಲ್ಲೇ ಕುಸಿದು ಕುಳಿತಳು. ಮಾಸ್ತರರು ಬಗ್ಗಿ ಫರಸಿಗಳನ್ನು ನೋಡಿ, “ಎಷ್ಟು ಮಟ್ಟಸ ಇಟ್ಟಾರ ನೋಡು, ನಮ್ಮ ಮನಿ ನೆಲಾ ಹಾಕಿದ ಗೌಂಡಿಕ್ಕಿಂತ ಇವರೇ ಚಲೋ” ಎಂದಿದ್ದರು. ಆ ಸಿಟ್ಟು ಆಕೆಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಆ ವಾರವೇ ಯಾರೋ ಅಖ್ತರ ಬೇಗಮ್ಮಳ ಹೆಸರು ಹೇಳಿದ್ದರು.

ಕಲ್ಲುಗಣಿಯ ಮಶೀನು ರಿಪೇರಿ ಮಾಡುತ್ತಿದ್ದ ಅಬ್ದುಲ್ ಕರೀಮ್‌ನ ಮಗಳು ಆಕೆ. ಅಪ್ಪನಿಗೆ ರೊಟ್ಟಿ ಕೊಡಲು ಹೋದವಳು ಲೇತ್ ಮಶೀನಿನ ಮುಂದೆಯೇ ನಿಂತುಬಿಡುತ್ತಿದ್ದಳು. ಬಯ್ದು ಬಯ್ದು ಸಾಕಾಗಿ ಅಪ್ಪ ಕಲಿಸಿಯೇ ಬಿಟ್ಟ. ಮುಂದೆ ಆಕೆಯ ಗಂಡ ಕಲ್ಲಿನ ಲಾರಿ ನಡೆಸುತ್ತಿದ್ದ ದಿನಗಳಲ್ಲಿ, ಚಿತ್ತಾಪುರದ ಹತ್ತಿರ ಊಟಕ್ಕೆ ನಿಲ್ಲಿಸಿ ಒಂದು ನಿದ್ದೆ ತೆಗೆದ ಹೊತ್ತಿನಲ್ಲಿ ಲಾರಿಯ ಗಾಲಿಗಳು ಹೋದವು. ಮಾಲೀಕ ಇವನೇ ಮಾರಿಕೊಂಡ ಎಂದು ಕೆಲಸದಿಂದ ತೆಗೆದ. ಗಂಡ ಎರಡು ವರ್ಷ ಮನೆಯ ಹೊಸ್ತಿಲು ದಾಟಲಿಲ್ಲ. ಬೇಗಂ ಮೊದಲ ನಟ್ಟು ಕಡೆದದ್ದು ಆಗ. “ಗಾಲಿ ಒಯ್ದ್ರ ಮನಷ್ಯಾನ ಕಾಲೇ ಒಯ್ದಂಗ್ರಿ” ಎಂದು ಇಂದಿಗೂ ಹೇಳುತ್ತಾಳೆ. ಆದಿತ್ಯನಗರದಲ್ಲಿ ಒಂದು ಮುಂಜಾನೆ ಸಾಲಿನ ಮೂರು ಕಾರು ಕಲ್ಲಿನ ಮೇಲೆ ನಿಂತಿದ್ದವಂತೆ, ಬೇಗಮ್ಮಳ ನಟ್ಟಿದ್ದ ನಾಲ್ಕನೆಯದು ತನ್ನ ಗಾಲಿಗಳ ಮೇಲೆಯೇ ಇತ್ತಂತೆ. ನಟ್ಟಿನ ಮೇಲೆ ಸುತ್ತಿಗೆಯ ಗಾಯವಷ್ಟೇ.

ಅಂಗಡಿಯಲ್ಲಿ ಬೇಗಂ ಶಾರದಾಬಾಯಿಯ ಹಿಂದೆ ಬಾಗಿಲ ಕಡೆ ನೋಡಿದಳು.

“ಮಾಸ್ತರ್ ಬಂದಿಲ್ಲೇನ್ರಿ?”

“ಹೋದ್ರು ಆಪಾ. ಕಾರ್ತಿಕದಾಗ.”

ಬೇಗಂ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ತುಟಿಯಲ್ಲೇ ಏನೋ ಹೇಳಿಕೊಂಡಳು. ಚಾವಿ ಕಳೆದ ಕಥೆ ಪೂರ್ತಿ ಕೇಳಿದಳು, ಬಯ್ಯಲಿಲ್ಲ. ಮಶೀನು ಬಂದ್ ಮಾಡಿ ಕೈ ಒರೆಸಿಕೊಂಡು, “ಜೋಡಿ ಚಾವಿ ನಾ ಕೊಡಂಗಿಲ್ರಿ, ಇದ್ದದ್ದು ಹೋದ್ರ ಮಾತ್ರ ಮತ್ತೊಂದು ಮಾಡ್ತೀನಿ. ಕುಂದ್ರಿ. ಬಲಗೈ ಕೊಡ್ರಿ. ಮುಷ್ಟಿ ಮಾಡ್ರಿ” ಎಂದಳು.

ಆರು ವರ್ಷದ ಹಿಂದೆಯೂ ಈಕೆ ಹೀಗೆಯೇ ಕೈ ಹಿಡಿದಿದ್ದಳು. ಗಾಲಿ ಕಳಕೊಂಡವಳಿಗೆ ಸಮಾಧಾನ ಹೇಳುತ್ತಿದ್ದಾಳೆ ಎಂದು ಶಾರದಾಬಾಯಿ ಅಂದುಕೊಂಡಿದ್ದಳು. ಈಗ ಬೇಗಮ್ಮಳ ಹೆಬ್ಬೆರಳು ಒಂದು ಗೆಣ್ಣಿನಿಂದ ಇನ್ನೊಂದಕ್ಕೆ ನಿಧಾನವಾಗಿ ಹೋಗುವುದನ್ನು ನೋಡುತ್ತಿದ್ದಂತೆ ಹೊಳೆಯಿತು. ನಾಲ್ಕು ಬೆರಳು, ನಾಲ್ಕು ಗೆಣ್ಣು. ನಟ್ಟಿನ ತಲೆಯ ಮೇಲೆ ನಾಲ್ಕು ತೂತು.

“ಆಪಾ, ಚಾವಿ ಅಂದ್ರ ಇದೇ ಏನು?”

“ನಾ ಅಳತಿ ಬರ್ದಿಡಂಗಿಲ್ರಿ. ಬರ್ದಿಟ್ರ ಕಳ್ಳ ಅದನ್ನೇ ಒಯ್ತಾನ. ಕೈಯಾಗಿನ ಎಲಬು ಯಾರು ಒಯ್ತಾರ? ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಮತ್ತ.”

ಎಷ್ಟು ಊರಿನ ಎಷ್ಟು ಜನರ ಗಾಲಿಗಳು ಅವರವರ ಮುಷ್ಟಿಯಲ್ಲೇ ಭದ್ರವಾಗಿವೆ, ಅದು ಅವರಿಗೇ ಗೊತ್ತಿಲ್ಲ! ಶಾರದಾಬಾಯಿ ತನ್ನ ಮುಷ್ಟಿಯನ್ನೇ ನೋಡಿಕೊಂಡಳು. ಆದರೆ ನಡುಬೆರಳಿನ ಮೇಲೆ ಬೇಗಮ್ಮಳ ಹೆಬ್ಬೆರಳು ನಿಂತುಬಿಟ್ಟಿತು.

“ಇದು ಆವತ್ತಿನ ಕೈ ಅಲ್ರಿ.”

ಹೌದು. ಹೋದ ಮಳೆಗಾಲದಲ್ಲಿ ಚಿಕೂನ್‌ಗುನ್ಯಾ ಬಂದು ಆ ಗೆಣ್ಣು ಬಾತಿತ್ತು, ಇನ್ನೂ ಇಳಿದಿರಲಿಲ್ಲ. ಕೂದಲೆಳೆಯಷ್ಟು ತಪ್ಪಿದರೂ ಮೊಳೆ ನಟ್ಟಿನೊಳಗೇ ಮುರಿಯುತ್ತದೆ. ಆಮೇಲೆ ಗ್ಯಾಸ್ ಕಟರೇ ಗತಿ. ಶಾರದಾಬಾಯಿಯ ಕಣ್ಣು ತುಂಬಿ ಬಂತು. ಬೇಗಂ ಬಾವಿಲ್ಲದ ಎಡಗೈಯನ್ನೂ ತೆಗೆದುಕೊಂಡಳು. ಎರಡೂ ಮುಷ್ಟಿಗಳನ್ನು ಪಕ್ಕಪಕ್ಕ ಇಟ್ಟು, ಎಡಗೈಯಲ್ಲಿ ನೋಡಿದ್ದನ್ನು ಬಲಗೈಯ ಎಲುಬಿನಲ್ಲಿ ಒತ್ತಿ ಹುಡುಕಿದಳು. ಕಣ್ಣು ಮುಚ್ಚಿ ಬಹಳ ಹೊತ್ತು ಹಾಗೆಯೇ ಕೂತಳು. ಆಮೇಲೆ ಎದ್ದು ಕಬ್ಬಿಣ ಹಿಡಿದಳು. ಕಡೆಯುವುದು, ಅರದಿಂದ ಉಜ್ಜುವುದು, ಮತ್ತೆ ಬಂದು ಗೆಣ್ಣು ಮುಟ್ಟುವುದು.

“ಕಾರು ಅವರ್ದಲ್ಲೇನ್ರಿ, ನನ್ನ ಕೈ ಯಾಕ ಹಿಡಿದ್ರಿ ಆವಾಗ?”

“ಆಮ್ಯಾಲ ಹೇಳ್ತೀನಿ. ನಡೀರಿ, ನಾನೂ ಬರ್ತೀನಿ.” ಅಂಗಡಿಯ ಶಟರ್ ಎಳೆದು ಬೇಗಂ ಬಸ್ಸು ಹತ್ತಿದಳು.

ಸೇಡಂ ಮುಟ್ಟಿದಾಗ ಅಂಗಳದಲ್ಲಿ ಗ್ಯಾಸ್ ಸಿಲಿಂಡರ್ ಬಂದು ನಿಂತಿತ್ತು. ಶಾಹನವಾಜ ಕಟರ್ ಹೊತ್ತಿಸುವುದೊಂದೇ ಬಾಕಿ. ಬೇಗಂ ಅವನನ್ನು ಕೈಯಿಂದಲೇ ಸರಿಸಿ, ಚಾವಿಯನ್ನು ಶಾರದಾಬಾಯಿಗೆ ಕೊಟ್ಟಳು. “ನೀವೇ ಹಾಕ್ರಿ.”

ಶಾರದಾಬಾಯಿ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಚಾವಿಯನ್ನು ನಟ್ಟಿಗೆ ಹಿಡಿದಳು. ನಾಲ್ಕು ಮೊಳೆ ನಾಲ್ಕು ತೂತಿನೊಳಗೆ ಸದ್ದಿಲ್ಲದೆ ಇಳಿದವು. ಪಾನಾ ಸಿಕ್ಕಿಸಿ ಮೈಭಾರವೆಲ್ಲ ಹಾಕಿ ಒತ್ತಿದಳು. ಕಿರ್ ಎಂದು ನಟ್ಟು ತಿರುಗಿತು. ಹದಿನೈದು ವರ್ಷದಿಂದ ಗಾಲಿ ಬಿಚ್ಚುತ್ತಿದ್ದ ಶಾಹನವಾಜ ತಲೆಯ ಮೇಲಿನ ಟೋಪಿ ತೆಗೆದು, “ಯಾ ಅಲ್ಲಾ!” ಎಂದ.

ಹಿತ್ತಲಿನ ನಲ್ಲಿಯಲ್ಲಿ ಕೈ ತೊಳೆಯುತ್ತ ಬೇಗಂ ಉಳಿದದ್ದನ್ನು ಹೇಳಿದಳು. “ಆವತ್ತು ನೀವು ನೀರು ಕುಡಿಲಿಕ್ಕ ಹೋಗಿದ್ರಿ. ನಾ ಮಾಸ್ತರ್ ಕೈ ಕೇಳಿದೆ. ಲೆಕ್ಕದ ಮಾಸ್ತರ್ ನೋಡ್ರಿ, ನಿಮ್ಮಕಿಂತ ಮೊದ್ಲಿನ ಗಿರಾಕಿ ಕೈ ಹಿಡಿದದ್ದು ನೋಡೇ ಎಲ್ಲಾ ತಿಳ್ಕೊಂಡಿದ್ರು. ತಮ್ಮ ಕೈ ಕಿಸೇದಾಗ ಇಟ್ಕೊಂಡ್ರು. ‘ಆಕಿದು ತೊಗೋರಿ ಆಪಾ, ನಾ ಮೊದ್ಲ ಹೋಗಾಂವ’ ಅಂದ್ರು. ಆಕಿಗಿ ಗಾಡಿ ನಡಸಲಿಕ್ಕ ಬರ್ತದೇನ್ರಿ ಅಂತ ಕೇಳಿದೆ. ‘ಇನ್ನಾ ಇಲ್ಲ. ಕಲೀತಾಳ’ ಅಂದ್ರು.”

ಶಾರದಾಬಾಯಿ ನಲ್ಲಿ ಬಂದ್ ಮಾಡುವುದನ್ನೂ ಮರೆತು ಅತ್ತಳು. ಕಾರ್ತಿಕದಲ್ಲಿ ಎಲ್ಲರ ಮುಂದೆ ಬರದಿದ್ದ ಅಳು ಈಗ ಬಂತು. ಬೇಗಂ ಆಕೆಯನ್ನು ಅಳಲು ಬಿಟ್ಟು, ಪಕ್ಕದಲ್ಲಿ ನಿಂತಿದ್ದಳು.

ಮುಖ ತೊಳೆದು ಹೊರಗೆ ಬಂದಾಗ ಗಾಲಿ ಬದಲಾಗಿತ್ತು. ನಂದಕಿಶೋರ್ ಚಾವಿಯನ್ನು ತಿರುವಿ ತಿರುವಿ ನೋಡುತ್ತಿದ್ದ. “ಇಷ್ಟು ದಿನ ಎಲ್ಲಿತ್ತು ವೈನಿ ಇದು?”

ಶಾರದಾಬಾಯಿ ಅದನ್ನು ಅವನ ಕೈಯಿಂದ ತೆಗೆದುಕೊಂಡು, ಬೇಗಮ್ಮಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಶಹಾಬಾದಿಗೆ ಬಿಟ್ಟುಬರಲು ತಾನು ಸ್ಟೇರಿಂಗ್ ಹಿಡಿದಳು.

“ನಿಮ್ಮಣ್ಣ ನನ್ನ ಹತ್ರಾನೇ ಇಟ್ಟಿದ್ರು” ಎಂದು ಗಾಡಿ ಶುರು ಮಾಡಿದಳು.